‘ತಾಯಿ’ ಅನ್ನುವ ಪದವನ್ನು ಎಡಿನ್‌ಬರಾಗೆ ಒಯ್ದಾಗ

ಕುಂತಿ ಆ ಮಾತು ಹೇಳಿದಳು. ‘‘ನಿನ್ನನ್ನು ಹೆತ್ತವಳು... ನಾನು.’’

ಸಭೆಯಲ್ಲಿದ್ದವರು ಒಟ್ಟಿಗೆ ಉಸಿರು ಒಳಗೆಳೆದುಕೊಂಡರು. ಆ ಸದ್ದು ಕೊನೆಯ ಸಾಲಿನ ಹಿಂದೆ ಲೈಟ್ ಬೋರ್ಡ್ ಪಕ್ಕ ಕೂತಿದ್ದ ನನಗೂ ಕೇಳಿಸಿತು. ರಂಗದ ಮೇಲೆ ನಮ್ಮ ಕುಂತಿ ಗಕ್ಕನೆ ನಿಂತುಬಿಟ್ಟರು. ಮುಂದಿನ ಮಾತು ಮರೆತುಹೋಗಿತ್ತು.

ಅವರು ಮೂವತ್ತು ವರ್ಷದಿಂದ ನಾಟಕ ಮಾಡುತ್ತಿರುವವರು. ಈ ಪಾತ್ರವನ್ನೇ ಅರವತ್ತಕ್ಕೂ ಜಾಸ್ತಿ ಸಲ ಮಾಡಿದ್ದರು. ನಡುವೆ ಕರೆಂಟ್ ಹೋಗಿದೆ, ಮಳೆಗೆ ಶಾಮಿಯಾನ ಸೋರಿದೆ, ಮುಂದಿನ ಸಾಲಿನಲ್ಲಿ ಮಗು ಕಿಟಾರನೆ ಅತ್ತಿದೆ. ಯಾವತ್ತೂ ಮಾತು ತಪ್ಪಿದವರಲ್ಲ. ಪುಣ್ಯಕ್ಕೆ ಕರ್ಣ ಮಾಡುವ ಹುಡುಗ ಚುರುಕು. ತನ್ನ ಮಾತನ್ನು ಮುಂಚೆಯೇ ಎತ್ತಿಕೊಂಡು ದಾಟಿಸಿದ. ಆಮೇಲೆ ಗ್ರೀನ್‌ರೂಮಿನಲ್ಲಿ ಬಣ್ಣ ಒರೆಸಿಕೊಳ್ಳುತ್ತಾ ಅವರು ಹೇಳಿದ್ದು ಇಷ್ಟೇ: ‘‘ಅಲ್ಲಪ್ಪಾ, ಅವರಿಗೆ ಗೊತ್ತೇ ಇರಲಿಲ್ಲ!’’

ಹೌದಲ್ವಾ. ಕರ್ಣ ಕುಂತಿಯ ಮಗ ಅನ್ನುವುದು ಗೊತ್ತಿಲ್ಲದವರ ಮುಂದೆ ನಾವು ಯಾವತ್ತೂ ಈ ನಾಟಕ ಆಡಿಯೇ ಇರಲಿಲ್ಲ. ನಮ್ಮಲ್ಲಿ ಕುಂತಿ ಸೆರಗು ಹೊದ್ದು ರಂಗಕ್ಕೆ ಕಾಲಿಟ್ಟ ಕೂಡಲೇ ಸಭೆ ಗಪ್‌ಚಿಪ್ ಆಗುತ್ತದೆ. ಅವಳು ಯಾಕೆ ಬಂದಳು, ಏನು ಕೇಳುತ್ತಾಳೆ, ಅವನು ಏನು ಕೊಡುತ್ತಾನೆ, ಎಲ್ಲವೂ ಎಲ್ಲರಿಗೂ ಗೊತ್ತು. ಆ ಮೌನ ನನ್ನ ನಿರ್ದೇಶನದ ಕೈಚಳಕ ಅಂತ ಇಷ್ಟು ವರ್ಷ ಒಳಗೊಳಗೇ ಬೀಗುತ್ತಿದ್ದೆ. ಈಗ ನೋಡಿದರೆ ಅದರಲ್ಲಿ ನನ್ನ ಪಾಲು ಬಹಳ ಕಡಿಮೆ. ಅರ್ಧ ನಾಟಕವನ್ನು ನಮ್ಮ ಪ್ರೇಕ್ಷಕರೇ ಮನೆಯಿಂದ ಕಟ್ಟಿಕೊಂಡು ಬರುತ್ತಿದ್ದರು.

ಇದು ನಡೆದದ್ದು 2023ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡ್‌ನ ಎಡಿನ್‌ಬರಾ ಫ್ರಿಂಜ್ ಉತ್ಸವದಲ್ಲಿ. ಫ್ರಿಂಜ್ ಅಂದರೆ ಅಂಚು. 1947ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ, ಯಾರೂ ಕರೆಯದಿದ್ದರೂ ಎಂಟು ತಂಡಗಳು ಬಂದು ಅದರ ಅಂಚಿನಲ್ಲಿ ನಾಟಕ ಆಡಿದವು. ಅಂಚು ಈಗ ಸೀರೆಗಿಂತ ದೊಡ್ಡದಾಗಿದೆ. ನಾವು ಹೋದ ವರ್ಷ 3,000ಕ್ಕೂ ಹೆಚ್ಚು ಪ್ರದರ್ಶನಗಳಿದ್ದವು. ಇಲ್ಲಿ ಆಯ್ಕೆ ಸಮಿತಿ ಅಂತ ಒಂದಿಲ್ಲ. ಯಾವುದಾದರೂ ಜಾಗ ಗೊತ್ತು ಮಾಡಿಕೊಂಡು, ಹೆಸರು ನೋಂದಾಯಿಸಿ ದುಡ್ಡು ಕಟ್ಟಿದರೆ ಯಾರು ಬೇಕಾದರೂ ಆಡಬಹುದು. ಹಾಗಾಗಿ ‘ಎಡಿನ್‌ಬರಾಗೆ ಆಯ್ಕೆಯಾಯಿತು’ ಅಂತ ಯಾರಾದರೂ ಹೇಳಿದರೆ ಯಾವ ಉತ್ಸವಕ್ಕೆ ಅಂತ ಒಮ್ಮೆ ಕೇಳಿ. ನಾವಂತೂ ಆಯ್ಕೆ ಆಗಿರಲಿಲ್ಲ, ಹೋಗಿದ್ದೆವು ಅಷ್ಟೆ.

ಹೋಗುವ ಹುಚ್ಚು ಹಿಡಿದದ್ದಕ್ಕೆ ಎರಡು ಕಾರಣ. 1982ರಲ್ಲಿ ನಿರ್ದೇಶಕ ಹಬೀಬ್ ತನ್ವೀರ್ ಛತ್ತೀಸ್‌ಗಢದ ಹಳ್ಳಿಯ ಕಲಾವಿದರನ್ನು ಕಟ್ಟಿಕೊಂಡು ‘ಚರಣದಾಸ್ ಚೋರ್’ ಆಡಿ ಅಲ್ಲಿ ಫ್ರಿಂಜ್ ಫಸ್ಟ್ ಪ್ರಶಸ್ತಿ ತಂದರು. 1987ರಲ್ಲಿ ಮಣಿಪುರದ ನಿರ್ದೇಶಕ ರತನ್ ಥಿಯಂ ‘ಚಕ್ರವ್ಯೂಹ’ಕ್ಕೆ ಅದೇ ಪ್ರಶಸ್ತಿ ತಂದರು. ಇಬ್ಬರೂ ಇಂಗ್ಲಿಷ್‌ನಲ್ಲಿ ಆಡಲಿಲ್ಲ. ಅವರ ಹಾಗೆ ನಾವು ಅಂತ ಹೇಳುತ್ತಿಲ್ಲ, ಅಷ್ಟು ಹುಂಬತನ ನನಗಿಲ್ಲ. ಭಾಷೆ ಅಡ್ಡ ಬರುತ್ತೆ ಅನ್ನುವ ನೆಪ ಹೇಳುವಂತಿರಲಿಲ್ಲ, ಅಷ್ಟೆ.

ಮೊದಲ ಪೆಟ್ಟು ಗಡಿಯಾರದ್ದು. ನಮ್ಮ ನಾಟಕ ಒಂದು ಗಂಟೆ ನಲವತ್ತು ನಿಮಿಷ. ಅಲ್ಲಿ ಒಂದೇ ರಂಗದ ಮೇಲೆ ಬೆಳಗಿನಿಂದ ಮಧ್ಯರಾತ್ರಿವರೆಗೆ ಒಂದರ ಹಿಂದೆ ಒಂದು ತಂಡ ಬರುತ್ತಲೇ ಇರುತ್ತದೆ. ನಮಗೆ ಸಿಕ್ಕಿದ್ದು ಐವತ್ತೈದು ನಿಮಿಷದ ನಾಟಕಕ್ಕೆ ಜಾಗ. ಮುಂಚೆ ಹದಿನೈದು ನಿಮಿಷದಲ್ಲಿ ರಂಗ ಸಜ್ಜು ಮಾಡಬೇಕು, ಮುಗಿದ ಮೇಲೆ ಹತ್ತು ನಿಮಿಷದಲ್ಲಿ ಎಲ್ಲ ಬಾಚಿಕೊಂಡು ಹೊರಗೆ. ಒಂದು ನಿಮಿಷ ತಡವಾದರೂ ಮುಂದಿನ ತಂಡದವರು ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ.

ಐವತ್ತೈದು ನಿಮಿಷಕ್ಕೆ ಇಳಿಸುವುದಕ್ಕೆ ಮೂರು ವಾರ ಒದ್ದಾಡಿದೆ. ಅಲ್ಲೊಂದು ಸಾಲು, ಇಲ್ಲೊಂದು ಸಾಲು ಕತ್ತರಿಸಿದರೆ ನಾಟಕ ತೂತು ಬಿದ್ದ ಬಟ್ಟೆಯ ಹಾಗೆ ಆಗುತ್ತಿತ್ತು. ಕೊನೆಗೆ ಕೃಷ್ಣನನ್ನೇ ಕೈಬಿಟ್ಟೆ. ಕುಮಾರವ್ಯಾಸನಲ್ಲಿ ಕುಂತಿಗಿಂತ ಮುಂಚೆ ಕೃಷ್ಣನೇ ಕರ್ಣನಿಗೆ ಗುಟ್ಟು ಹೇಳಿಬಿಡುತ್ತಾನಲ್ಲ. ನಮ್ಮ ನಾಟಕದಲ್ಲೂ ಹಾಗೇ ಇತ್ತು, ಅದೇ ನನ್ನ ಅಚ್ಚುಮೆಚ್ಚಿನ ದೃಶ್ಯ. ಅದನ್ನು ತೆಗೆದ ಮೇಲೆ ಗುಟ್ಟು ಮೊದಲ ಸಲ ಹೊರಬರುವುದು ಕುಂತಿಯ ಬಾಯಿಂದಲೇ. ನಾನು ಕೃಷ್ಣನನ್ನು ಬಿಟ್ಟದ್ದು ಸಮಯ ಸಾಲದೆ. ಆ ಉಸಿರಿನ ಸದ್ದು ಹುಟ್ಟಿದ್ದು ಮಾತ್ರ ಅದರಿಂದಲೇ. (ಇನ್ನೊಂದು ಲಾಭವೂ ಆಯಿತು. ನಮ್ಮ ದೇಶದಿಂದ ನವಿಲುಗರಿ ರಫ್ತು ಮಾಡುವಂತಿಲ್ಲ. ಕೃಷ್ಣನ ಜೊತೆ ಆ ತಲೆನೋವೂ ಹೋಯಿತು.)

ಈ ಹೊತ್ತಿಗೆ ಸಲಹೆಗಳು ಶುರುವಾದವು. ‘‘ಫಾರಿನ್‌ನವರಿಗೆ ಬಣ್ಣ ಬೇಕು ಸಾರ್. ಕರ್ಣನಿಗೆ ಯಕ್ಷಗಾನದ ಕಿರೀಟ ಹಾಕಿ, ಎದ್ದು ನಿಂತು ಚಪ್ಪಾಳೆ ಹೊಡೀತಾರೆ’’ ಅಂತ ಒಬ್ಬರು. ಹೊಡೆಯುತ್ತಾರೆ, ಖಂಡಿತ. ಆದರೆ ನಮ್ಮ ಕರ್ಣ ಮೊದಲಿಂದಲೂ ಬರೀ ಪಂಚೆ ಉಟ್ಟು, ಒದ್ದೆ ಮೈಯಲ್ಲಿ ನದಿಯಿಂದ ಎದ್ದು ಬರುವವನು. ಯಕ್ಷಗಾನದ ವೇಷ ಅಂದರೆ ಬರೀ ಬಟ್ಟೆಯಾ? ಅದಕ್ಕೆ ತಕ್ಕ ಹೆಜ್ಜೆ, ಅದಕ್ಕೆ ತಕ್ಕ ಮಾತು, ಹಿಂದೆ ಭಾಗವತರು ಎಲ್ಲ ಬೇಕು. ಕಿರೀಟ ಮಾತ್ರ ತಂದು ಇಟ್ಟರೆ ಫ್ಯಾನ್ಸಿ ಡ್ರೆಸ್ ಆಗುತ್ತದೆ. ಶಿವರಾಮ ಕಾರಂತರೂ ಕೆರೆಮನೆಯವರೂ ಯಕ್ಷಗಾನವನ್ನು ಹೊರದೇಶಕ್ಕೆ ಒಯ್ದದ್ದು ಅದರಲ್ಲೇ ಆಯಸ್ಸು ಸವೆಸಿದ ಮೇಲೆ. ನಾನು ಏರ್‌ಪೋರ್ಟ್‌ಗೆ ಹೋಗುವ ದಾರಿಯಲ್ಲಿ ಬಾಡಿಗೆಗೆ ತೆಗೆದುಕೊಂಡು ಹೋಗುವುದು ಅಲ್ಲ ಅದು.

ಕಿರೀಟದ ಆಸೆಗೆ ನಾನು ಬೀಳಲಿಲ್ಲ. ಇನ್ನೊಂದು ಹಳ್ಳಕ್ಕೆ ಮಾತ್ರ ಬಿದ್ದೆ. ಅವರಿಗೆ ಕಥೆ ಗೊತ್ತಿಲ್ಲ, ಹೇಳಿಬಿಡೋಣ ಅಂತ ಒಬ್ಬ ಸೂತ್ರಧಾರನನ್ನು ಸೇರಿಸಿದೆ. ಅವನು ಶುರುವಿನಲ್ಲೇ ಬಂದು ಇಂಗ್ಲಿಷ್‌ನಲ್ಲಿ ದುರ್ವಾಸರ ಮಂತ್ರ, ಸೂರ್ಯ, ನದಿಯಲ್ಲಿ ಬಿಟ್ಟ ಪೆಟ್ಟಿಗೆ, ಪಾಂಡವರು ಯಾರು, ಕೌರವರು ಯಾರು, ಎಲ್ಲ ಒಪ್ಪಿಸುತ್ತಿದ್ದ. ಬ್ರಿಟಿಷ್ ನಿರ್ದೇಶಕ ಪೀಟರ್ ಬ್ರೂಕ್ ತಮ್ಮ ಮಹಾಭಾರತ ನಾಟಕದಲ್ಲಿ ಒಬ್ಬ ಹುಡುಗನನ್ನು ಕೂರಿಸಿ, ವ್ಯಾಸ ಅವನಿಗೆ ಕಥೆ ಹೇಳುವ ಹಾಗೆ ಮಾಡಿದ್ದರಲ್ಲ, ನಾನು ಅದನ್ನೇ ನೆನೆಸಿಕೊಂಡು ಧೈರ್ಯ ಮಾಡಿದೆ. ಆದರೆ 1985ರಲ್ಲಿ ಫ್ರಾನ್ಸಿನ ಅವಿನ್ಯಾನ್‌ನ ಕಲ್ಲುಗಣಿಯಲ್ಲಿ ಬ್ರೂಕ್ ಆಡಿಸಿದ್ದು ಒಂಬತ್ತು ಗಂಟೆಯ ನಾಟಕ. ನನಗಿದ್ದದ್ದು ಐವತ್ತೈದು ನಿಮಿಷ. ಅದರಲ್ಲಿ ಎಂಟು ನಿಮಿಷ ವಂಶವೃಕ್ಷಕ್ಕೇ ಹೋಗುತ್ತಿತ್ತು.

ಹೊರಡುವ ಮುಂಚೆ ಕನ್ನಡ ಬಾರದ, ಮಹಾಭಾರತವೂ ಗೊತ್ತಿಲ್ಲದ ಹತ್ತು ಹನ್ನೆರಡು ಜನರನ್ನು ಹುಡುಕಿ ತಾಲೀಮಿಗೆ ಕರೆದೆವು. ಮುಗಿದ ಮೇಲೆ ಒಬ್ಬರು ಹೇಳಿದರು: ‘‘ಆ ಹೆಸರುಗಳನ್ನು ಮರೆತುಬಿಡ್ತೀನೇನೋ ಅಂತ ಭಯ ಆಗ್ತಿತ್ತು. ಅದರಲ್ಲೇ ನಾಟಕ ಮುಗಿದುಹೋಯ್ತು.’’ ಅವತ್ತೇ ಸೂತ್ರಧಾರನನ್ನು ತೆಗೆದೆ. ಪಾಪ, ಆ ಹುಡುಗ ಪಾಸ್‌ಪೋರ್ಟ್ ಬೇರೆ ಮಾಡಿಸಿಕೊಂಡಿದ್ದ. ಅವನನ್ನು ತಮಟೆಗೆ ಹಾಕಿದೆ.

ಉಳಿದದ್ದು ಸರ್‌ಟೈಟಲ್. ರಂಗದ ಹಿಂದೆಯೋ ಮೇಲೆಯೋ ಪರದೆಯಲ್ಲಿ ಮಾತಿನ ಅನುವಾದ ತೋರಿಸುತ್ತಾರಲ್ಲ, ಅದು. 1983ರಲ್ಲಿ ಟೊರಾಂಟೊದ ಒಪೆರಾದಲ್ಲಿ ಶುರುವಾದ ಪದ್ಧತಿ. ಈಗ ಎಲ್ಲ ಕಡೆ ಇದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೊರದೇಶಕ್ಕೆ ನಾಟಕ ಒಯ್ಯುವವರು ಎಲ್ಲಕ್ಕಿಂತ ಕೊನೆಗೆ, ವಿಮಾನ ಹತ್ತುವ ಹಿಂದಿನ ರಾತ್ರಿ ಕೂತು ಮಾಡುವ ಕೆಲಸ ಇದು. ನಾವೂ ಮೊದಲು ಹಾಗೇ ಮಾಡಹೊರಟಿದ್ದೆವು.

ಮೊದಲ ಪಟ್ಟಿಯಲ್ಲಿ 540 ಟೈಟಲ್‌ಗಳಿದ್ದವು. ಆಡಿದ್ದೆಲ್ಲವನ್ನೂ ಅನುವಾದ ಮಾಡಿದ್ದೆವು. ತಾಲೀಮಿನಲ್ಲಿ ನೋಡಿದರೆ ಜನ ನಟರ ಮುಖವನ್ನೇ ನೋಡುತ್ತಿಲ್ಲ, ಪುಸ್ತಕ ಓದುವವರ ಹಾಗೆ ಕಣ್ಣು ಪರದೆಯಲ್ಲೇ. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ 2012ರಲ್ಲಿ ಶೇಕ್ಸ್‌ಪಿಯರ್‌ನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿದಾಗ ಮಾತಿನ ಅನುವಾದ ಹಾಕಲಿಲ್ಲ, ಪ್ರತಿ ದೃಶ್ಯದ ಸಾರಾಂಶ ಮಾತ್ರ ತೋರಿಸಿದರು. ಒಳ್ಳೆ ಉಪಾಯ. ಆದರೆ ಅಲ್ಲಿ ಕಥೆ ಗೊತ್ತಿದ್ದ ಸಭೆ ಇತ್ತು. ಇಬ್ಬರೇ ಕೂತು ಮಾತಾಡುವ ನಮ್ಮ ನಾಟಕಕ್ಕೆ ಅದು ಸಾಲದು. ಕಡೆಗೆ 210ಕ್ಕೆ ನಿಂತೆವು. ಮುಖ, ಕೈ, ದನಿ ಹೇಳುತ್ತಿರುವುದನ್ನು ಪರದೆ ಹೇಳುವುದು ಬೇಡ ಅಂತ ಒಂದು ನಿಯಮ ಮಾಡಿಕೊಂಡೆವು. ‘ಅಯ್ಯೋ’, ‘ಬಾ’, ‘ಬೇಡ’ ಇವಕ್ಕೆಲ್ಲ ಟೈಟಲ್ ಯಾಕೆ? ಪರದೆಯನ್ನೂ ಮೇಲಿಂದ ಕೆಳಗಿಳಿಸಿ, ಹಿಂದಿನ ಗೋಡೆಯ ಮೇಲೆ ನಟರ ಭುಜದ ಎತ್ತರಕ್ಕೆ ತಂದೆವು. ಓದಿ ಮುಗಿಸಿದ ಕಣ್ಣು ತಾನಾಗಿ ಮುಖಕ್ಕೆ ಬೀಳಬೇಕು.

ನಿಜವಾದ ಕಗ್ಗಂಟು ಬೇರೆಯೇ ಇತ್ತು. ಕರ್ಣ ಜಪ ಮುಗಿಸಿ ತಿರುಗುತ್ತಾನೆ. ಯಾರೋ ಹಿರಿಯ ಹೆಂಗಸು ನಿಂತಿದ್ದಾಳೆ. ಅವನು ಕೈ ಮುಗಿದು ಹೇಳುವುದು, ‘‘ಬನ್ನಿ ತಾಯಿ, ಏನು ಬೇಕಿತ್ತು?’’ ನಾವು ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಡುವಾಗಲೂ ಹೀಗೇ ಅನ್ನುತ್ತೇವೆ. ಏನೂ ವಿಶೇಷ ಇಲ್ಲದ ಮರ್ಯಾದೆಯ ಮಾತು. ಆದರೆ ನಮ್ಮ ಸಭೆಗೆ ಗೊತ್ತಿದೆ, ಅವನು ಗೊತ್ತಿಲ್ಲದೇ ನಿಜ ಹೇಳಿಬಿಟ್ಟ ಅಂತ. ಅದಕ್ಕೇ ಆ ಸಾಲಿಗೆ ಕರುಳು ಚುರುಕ್ ಅನ್ನುತ್ತದೆ. ಗುಟ್ಟು ತಿಳಿದ ಮೇಲೆ ಅವನು ಒಂದೇ ಒಂದು ಸಲವೂ ‘ತಾಯಿ’ ಅನ್ನುವುದಿಲ್ಲ. ಅಲ್ಲಿಯವರೆಗೆ ಸಲೀಸಾಗಿ ಬರುತ್ತಿದ್ದ ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಇಡೀ ನಾಟಕ ನಿಂತಿರುವುದೇ ಆ ಒಂದು ಪದದ ಮೇಲೆ.

ಇದಕ್ಕೆ ಇಂಗ್ಲಿಷ್ ಏನು ಹಾಕುವುದು? ‘ಮದರ್’ ಅಂತ ಹಾಕಿದರೆ ಮೊದಲ ನಿಮಿಷದಲ್ಲೇ ಗುಟ್ಟು ರಟ್ಟು. ‘ಮೇಡಮ್’ ಅಂತ ಹಾಕಿದರೆ ಕರ್ಣ ಹೋಟೆಲ್ ರಿಸೆಪ್ಷನ್‌ನಲ್ಲಿ ನಿಂತ ಹಾಗೆ. ‘ಲೇಡಿ’ ಅಂದರೆ ಇನ್ನೂ ಕೆಟ್ಟದ್ದು. ನಾನು, ಅನುವಾದ ಮಾಡಿದ ಗೆಳತಿ, ಕರ್ಣ ಮಾಡುವ ಹುಡುಗ, ಮೂವರೂ ಎರಡು ರಾತ್ರಿ ಕೂತು ಜಗಳ ಆಡಿದ್ದೇ ಬಂತು.

ಕೊನೆಗೆ ದಾರಿ ತೋರಿಸಿದವನು ಅವನೇ. ‘‘ಸರ್, ಅನುವಾದ ಯಾಕೆ ಮಾಡ್ಬೇಕು? ಕಲಿಸೋಣ.’’ ಶುರುವಿನಲ್ಲಿ ನಲವತ್ತು ಸೆಕೆಂಡಿನ ಒಂದು ತುಣುಕು ಸೇರಿಸಿದೆವು. ಕರ್ಣ ದಾನ ಕೊಡುತ್ತಿದ್ದಾನೆ. ಬೇಡುವ ಹೆಂಗಸರು ಒಬ್ಬೊಬ್ಬರೇ ಬರುತ್ತಾರೆ. ಒಬ್ಬಳೇ ನಟಿ, ಸೆರಗು ಬದಲಿಸಿಕೊಂಡು ಮೂರು ಸಲ. ಅವನು ಪ್ರತಿಯೊಬ್ಬಳಿಗೂ ‘‘ತಗೊಳ್ಳಿ ತಾಯಿ’’, ‘‘ಹೋಗಿ ಬನ್ನಿ ತಾಯಿ’’ ಅನ್ನುತ್ತಾನೆ. ಪರದೆಯಲ್ಲಿ ‘ತಾಯಿ’ ಅನ್ನುವುದನ್ನು ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬಿಟ್ಟೆವು. ಮೂರನೆಯವಳು ಹೋಗುವ ಹೊತ್ತಿಗೆ ಸಭೆಗೆ ಇದು ಹಿರಿಯ ಹೆಂಗಸರನ್ನು ಕರೆಯುವ ರೀತಿ ಅಂತ ತಾನಾಗಿ ಅರ್ಥವಾಗಿರುತ್ತದೆ. ನಾಲ್ಕನೆಯವಳು ಕುಂತಿ. ಅವಳಿಗೂ ‘‘ಬನ್ನಿ ತಾಯಿ.’’

ಕುಂತಿಗೂ ಒಂದು ಮಾತು ಸೇರಿಸಿದೆ. ‘‘ಬಂದವರನ್ನೆಲ್ಲ ತಾಯಿ ಅಂತೀಯಲ್ಲಪ್ಪಾ. ನಿನ್ನನ್ನು ಹೆತ್ತವಳು... ನಾನು.’’ ಈ ಸಾಲಿಗೂ ಇನ್ನೊಂದು ತೊಡಕಿತ್ತು. ಕನ್ನಡದಲ್ಲಿ ಮುಖ್ಯವಾದದ್ದನ್ನು ಕೊನೆಗೆ ಇಟ್ಟುಕೊಳ್ಳಬಹುದು. ‘ನಾನು’ ಬರುವವರೆಗೆ ಏನೂ ಗೊತ್ತಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಸಹಜವಾಗಿ ಬರೆದರೆ ‘ಐ ಆ್ಯಮ್’ ಅಂತ ಮೊದಲಿಗೇ ಬಂದುಬಿಡುತ್ತದೆ. ನಟಿ ಇನ್ನೂ ‘ನಿನ್ನನ್ನು’ ಅನ್ನುವಾಗಲೇ ಸಭೆ ಓದಿ ಮುಗಿಸಿರುತ್ತದೆ. ತಮಾಷೆಯ ಸಾಲುಗಳಲ್ಲೂ ಇದೇ ಗೋಳು: ನಟ ಬಾಯಿ ತೆರೆಯುವ ಮುಂಚೆ ಜನ ನಕ್ಕಿರುತ್ತಾರೆ, ಅವನು ಪೆಚ್ಚಾಗುತ್ತಾನೆ. ಹಾಗಾಗಿ ಈ ಸಾಲನ್ನು ಮೂರು ಸ್ಲೈಡ್‌ಗೆ ಒಡೆದೆವು. ಕೊನೆಯ ಸ್ಲೈಡ್‌ನಲ್ಲಿ ಒಂದೇ ಪದ. ಅದು ಬೀಳುವುದು ಅವರು ‘ನಾನು’ ಅಂದ ಮೇಲೆ, ಅರ್ಧ ಸೆಕೆಂಡ್ ತಡವಾಗಿ. ಸ್ಲೈಡ್ ಒತ್ತಲು ಕನ್ನಡ ಬಲ್ಲವರೇ ಬೇಕು ಅನ್ನುವುದು ಇದಕ್ಕೇ. ನಮ್ಮ ಸಹಾಯಕ ನಿರ್ದೇಶಕಿ ಅಷ್ಟೂ ದಿನ ಅದೇ ಕೆಲಸ ಮಾಡಿದಳು, ಅವಳ ಹೆಬ್ಬೆರಳೂ ಒಂದು ಪಾತ್ರ.

ಇದರಿಂದ ನಟರಿಗೆ ಒಂದು ಕಟ್ಟು ಬಿತ್ತು. ಕರ್ಣ ಮಾಡುವವನಿಗೆ ಸಭೆ ಬಿಸಿಯಾದರೆ ಮಾತು ಬೆಳೆಸುವ ಚಪಲ. ಊರಲ್ಲಿ ಅದಕ್ಕೆ ಶಿಳ್ಳೆ ಬೀಳುತ್ತದೆ. ಅಲ್ಲಿ ಅವನು ಒಂದು ಸಾಲು ಜಾಸ್ತಿ ಹೇಳಿದರೆ ಪರದೆ ಖಾಲಿ, ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಎರಡನೇ ದಿನವೇ ಪಾಠ ಕಲಿತ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಎಡಿನ್‌ಬರಾ ಫ್ರಿಂಜ್ ಬ್ರಿಟನ್ ಸರಕಾರದ ‘ಪರ್ಮಿಟ್ ಫ್ರೀ’ ಉತ್ಸವಗಳ ಪಟ್ಟಿಯಲ್ಲಿದೆ. ಹಾಗಾಗಿ ಕಲಾವಿದರು ಸಾಮಾನ್ಯ ವಿಸಿಟರ್ ವೀಸಾದಲ್ಲೇ ಹೋಗಿ ಆಡಬಹುದು, ಕೆಲಸದ ವೀಸಾ ಬೇಡ. ರಂಗಸಜ್ಜಿಕೆ, ವಾದ್ಯ ಅಂತ ಜಾಸ್ತಿ ಸಾಮಾನು ಒಯ್ಯುವವರು ಎ.ಟಿ.ಎ. ಕಾರ್ನೆ ಅನ್ನುವ ಕಾಗದ ಮಾಡಿಸುತ್ತಾರೆ, ಸುಂಕ ಕಟ್ಟದೆ ಸಾಮಾನು ಒಯ್ದು ವಾಪಸ್ ತರುವುದಕ್ಕೆ. ಇಲ್ಲಿ ಅದನ್ನು ಕೊಡುವುದು ಉದ್ಯಮಿಗಳ ಒಕ್ಕೂಟವಾದ ಫಿಕ್ಕಿ. ನಮ್ಮದು ಒಂದು ಉದ್ದನೆಯ ಬಟ್ಟೆ, ಅದೇ ನಮ್ಮ ನದಿ. ಸೂಟ್‌ಕೇಸ್‌ನಲ್ಲೇ ಹಿಡಿಯಿತು.

ಅಲ್ಲಿ ಆ ನದಿಗೇ ಬೆಂಕಿ ತಗಲುತ್ತದಾ ಅಂತ ಕೇಳಿದರು. ರಂಗದ ಮೇಲಿನ ಬಟ್ಟೆಗೆ ಬೆಂಕಿ ಹತ್ತದ ದ್ರಾವಣ ಹೊಡೆದಿರಬೇಕು. ಹೊಡೆದೆವು, ಬಟ್ಟೆ ಸೆಟೆದುಕೊಂಡಿತು, ನದಿ ಎರಡು ದಿನ ತಗಡಿನ ಹಾಗೆ ಹರಿಯಿತು. ದೀಪ ಹಚ್ಚುವ ಹಾಗಿರಲಿಲ್ಲ. ಇದೆಲ್ಲಕ್ಕಿಂತ ಕಷ್ಟ ಆದದ್ದು ತಮಟೆಗೆ. ಅಲ್ಲಿ ಆಗಸ್ಟ್ ಅಂದರೆ ನಮ್ಮ ಮಲೆನಾಡಿನ ಜಡಿಮಳೆಯ ಹಾಗೆ ತಂಪು, ಪಸೆ. ಚರ್ಮ ಸಡಿಲವಾಗಿ ಹೊಡೆದರೆ ‘ದಬ್’ ಅನ್ನುತ್ತಿತ್ತು, ರಟ್ಟಿನ ಡಬ್ಬಿ ಹಾಗೆ. ತಮಟೆ ಕಾಯಿಸಬೇಕು. ಊರಲ್ಲಾದರೆ ನಾಲ್ಕು ಹಿಡಿ ಹುಲ್ಲಿಗೆ ಬೆಂಕಿ ಹಾಕಿದರೆ ಮುಗಿಯಿತು. ಅಲ್ಲಿ ಬೆಂಕಿಕಡ್ಡಿ ಗೀರಿದರೂ ಇಡೀ ಕಟ್ಟಡದ ಅಲಾರಂ. ಹಳೆ ಸೂತ್ರಧಾರ ಒಂದು ಹೇರ್ ಡ್ರೈಯರ್ ತಂದು, ಬಾಗಿಲ ಹಿಂದೆ ಕೂತು, ಮಗುವಿನ ತಲೆ ಒಣಗಿಸುವ ಹಾಗೆ ತಮಟೆಯನ್ನು ತೊಡೆ ಮೇಲಿಟ್ಟುಕೊಂಡು ಸುತ್ತ ತಿರುಗಿಸುತ್ತಾ ಕಾಯಿಸುತ್ತಿದ್ದ. ಹತ್ತು ನಿಮಿಷಕ್ಕೆ ‘ಟಣ್’ ಅನ್ನುತ್ತಿತ್ತು. ಯುದ್ಧದ ಸದ್ದು ಬರುವ ಹೊತ್ತಿಗೆ ಮತ್ತೆ ಅರ್ಧ ಇಳಿದಿರುತ್ತಿತ್ತು. ಹಾಗಾಗಿ ಯುದ್ಧ ದೂರದಲ್ಲಿ ನಡೆಯುತ್ತಿದೆ ಅಂತ ಇಟ್ಟುಕೊಂಡೆವು.

ಮೊದಲ ದಿನ ಎಂಬತ್ತು ಕುರ್ಚಿಗೆ ಹನ್ನೊಂದು ಜನ. ಬೇಜಾರು ಮಾಡಿಕೊಳ್ಳುವ ಹಾಗಿಲ್ಲ, ಅಲ್ಲಿ ಹೊಸಬರಿಗೆಲ್ಲ ಇದೇ ಗತಿ. ರಾಯಲ್ ಮೈಲ್ ಅನ್ನುವ ಬೀದಿಯಲ್ಲಿ ಎಲ್ಲ ತಂಡದವರೂ ಕರಪತ್ರ ಹಿಡಿದು ನಿಂತಿರುತ್ತಾರೆ. ದಾರಿಹೋಕರು ಕೊಡುವುದು ಹತ್ತು ಸೆಕೆಂಡ್. ‘‘ಭಾರತದ ಪ್ರಾಚೀನ ಮಹಾಕಾವ್ಯ, ಎರಡು ಸಾವಿರ ವರ್ಷದ ಪರಂಪರೆ’’ ಅಂತ ನಾನು ಶುರು ಮಾಡುತ್ತಿದ್ದೆ. ನಗುತ್ತಾ ಕರಪತ್ರ ತೆಗೆದುಕೊಂಡು ಮುಂದಿನ ತಿರುವಿನ ಕಸದ ಬುಟ್ಟಿಗೆ ಹಾಕುತ್ತಿದ್ದರು. ಕರ್ಣನ ಹುಡುಗ ತನ್ನ ಹರುಕು ಮುರುಕು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದದ್ದು ಇಷ್ಟು: ‘‘ಹುಟ್ಟಿದ ದಿನ ನದಿಗೆ ಬಿಟ್ಟ ಮಗನನ್ನು ಅಮ್ಮ ಯುದ್ಧದ ಮುಂಚೆ ಹುಡುಕಿಕೊಂಡು ಬರ್ತಾಳೆ. ಯಾಕೆ ಬಂದಳು ಗೊತ್ತಾ?’’ ಜನ ನಿಲ್ಲುತ್ತಿದ್ದರು. (ಗುಟ್ಟನ್ನು ಬೀದಿಯಲ್ಲೇ ಬಿಟ್ಟುಕೊಟ್ಟೆಯಲ್ಲೋ ಅಂತ ಆಮೇಲೆ ಅವನಿಗೆ ಬೈದೆ. ಅಲ್ಲಿಂದ ‘ಅಮ್ಮ’ ಹೋಗಿ ‘ಒಬ್ಬ ಹೆಂಗಸು’ ಆಯಿತು, ನದಿಯ ಮಾತು ಬಿಟ್ಟೆವು.) ಎರಡನೇ ವಾರದಲ್ಲಿ ನಲವತ್ತು, ಐವತ್ತು ಜನ ಬರತೊಡಗಿದರು. ಪಕ್ಕದ ಕೋಣೆಯಲ್ಲಿ ಅದೇ ಹೊತ್ತಿಗೆ ಸ್ಟ್ಯಾಂಡಪ್ ಕಾಮೆಡಿ. ಕುಂತಿ ಬಾಯಿಗೆ ಸೆರಗು ಹಿಡಿದು ನಿಂತಾಗ ಗೋಡೆಯಾಚೆ ಹೋ ಅಂತ ನಗು. ಅದಕ್ಕೆ ಮಾತ್ರ ಯಾವ ಉಪಾಯವೂ ಸಿಗಲಿಲ್ಲ.

ನಾಟಕ ಮುಗಿದ ಮೇಲೆ ಹೊರಗೆ ನಿಂತು ಮಾತಾಡುವವರು ಇರುತ್ತಿದ್ದರು. ಕೆಲವು ಪ್ರಶ್ನೆ ಕೇಳಿ ಹಲ್ಲು ಕಡಿದಿದ್ದೇನೆ. ಕರ್ಣ ಜುಟ್ಟು ಕಟ್ಟಿಕೊಳ್ಳುವುದರಲ್ಲಿ ಏನೋ ಗೂಢಾರ್ಥ ಇದೆ ಅಂತ ಒಬ್ಬರಿಗೆ ಖಾತ್ರಿಯಾಗಿತ್ತು. ಕೂದಲು ಕಣ್ಣಿಗೆ ಬೀಳುತ್ತಿತ್ತು ಸ್ವಾಮಿ, ಅದಕ್ಕೆ. ಆದರೆ ತಪ್ಪು ತಿಳಿದುಕೊಂಡವರನ್ನು ನೋಡಿ ನಗುವುದೂ ಸರಿಯಲ್ಲ ಅನ್ನಿ. 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್ ಅಭಿನಯ ನೋಡಿದ ಜರ್ಮನ್ ನಾಟಕಕಾರ ಬ್ರೆಕ್ಟ್ ಅದರಲ್ಲಿ ತನಗೆ ಬೇಕಾದದ್ದನ್ನು ಕಂಡುಕೊಂಡ. ಮೇ ಲಾನ್‌ಫಾಂಗ್‌ಗೆ ಅದು ಗುರುಗಳಿಂದ ಬಂದ ಅಭ್ಯಾಸ. ಬ್ರೆಕ್ಟ್‌ಗೆ ಅದು ಪ್ರೇಕ್ಷಕನನ್ನು ದೂರ ನಿಲ್ಲಿಸಿ ಯೋಚಿಸುವಂತೆ ಮಾಡುವ ತಂತ್ರ. ನಾವೆಲ್ಲ ಇವತ್ತೂ ಕಾಲೇಜಿನಲ್ಲಿ ಓದುವ ಸಿದ್ಧಾಂತದಲ್ಲಿ ಒಬ್ಬ ಪರಊರ ಪ್ರೇಕ್ಷಕನ ಅರೆಬರೆ ತಿಳಿವಳಿಕೆಯೂ ಸೇರಿಕೊಂಡಿದೆ.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಕಾಲೇಜು ಹುಡುಗಿಯೊಬ್ಬಳು ಕೇಳಿದಳು: ‘‘ಅವಳು ಮಗನನ್ನು ನೋಡಲು ಬಂದಳೋ, ಉಳಿದ ಮಕ್ಕಳನ್ನು ಉಳಿಸಿಕೊಳ್ಳಲು ಬಂದಳೋ?’’ ಊರಲ್ಲಿ ಇದನ್ನು ಯಾರೂ ನನ್ನ ಹತ್ತಿರ ಕೇಳಿರಲಿಲ್ಲ. ನಾನೂ ನಟಿಯ ಹತ್ತಿರ ಕೇಳಿರಲಿಲ್ಲ. ಕುಂತಿ ಬರುತ್ತಾಳೆ, ಯಾಕೆಂದರೆ ಕಥೆಯಲ್ಲಿ ಬರುತ್ತಾಳೆ. ಅವತ್ತು ರಾತ್ರಿ ಕುಂತಿ ಮಾಡುವ ಅಕ್ಕನ ಹತ್ತಿರ ಕೇಳಿದೆ. ‘‘ಅಕ್ಕಾ, ನೀವು ಒಳಗೆ ಏನು ಇಟ್ಟುಕೊಂಡು ಬರ್ತೀರಿ?’’ ಅವರು ಸ್ವಲ್ಪ ಹೊತ್ತು ಸುಮ್ನಿದ್ದರು. ‘‘ದಿನಾ ಒಂದೊಂದು’’ ಅಂದರು.

ಕೊನೆಯ ವಾರ ಒಬ್ಬ ಹೆಂಗಸು ಬಂದರು. ಎಪ್ಪತ್ತು ದಾಟಿರಬಹುದು. ಎಲ್ಲರೂ ಹೋಗುವವರೆಗೆ ಬಾಗಿಲ ಹತ್ತಿರ ಕೋಟು ಹಾಕಿಕೊಂಡು ನಿಂತಿದ್ದರು. ಹೊಗಳುತ್ತಾರೆ ಅಂದುಕೊಂಡು ನಾನು ಮುಖ ಸಿದ್ಧ ಮಾಡಿಕೊಂಡೆ. ಅವರು ಹೇಳಿದ್ದು ಇದು: ‘‘ನಿಮ್ಮ ತಾಯಿ ತುಂಬಾ ಚೆನ್ನಾಗಿ ಮಾತಾಡುತ್ತಾಳೆ. ಅಷ್ಟು ಮಾತು ಬರುವುದಿಲ್ಲ.’’ ಅಷ್ಟು ಹೇಳಿ, ನನ್ನ ಕೈ ಒಮ್ಮೆ ಮುಟ್ಟಿ ಹೊರಟರು. ‘ತಾಯಿ’ ಅನ್ನುವುದನ್ನು ಕನ್ನಡದಲ್ಲೇ ಹೇಳಿದ್ದರು.

ಬಾಗಿಲು ಕಾಯುತ್ತಿದ್ದ ಸ್ವಯಂಸೇವಕ ಹುಡುಗ ಆಮೇಲೆ ನನಗೆ ಒಂದು ವಿಷಯ ಹೇಳಿದ. ಮದುವೆಯಾಗದೆ ಹೆತ್ತ ಹುಡುಗಿಯರಿಂದ ಕೂಸನ್ನು ಕಿತ್ತು ಬೇರೆಯವರಿಗೆ ದತ್ತು ಕೊಡುವುದು ಅಲ್ಲಿ ದಶಕಗಳ ಕಾಲ ನಡೆದಿತ್ತಂತೆ. ಅದೇ ವರ್ಷ ಮಾರ್ಚ್‌ನಲ್ಲಿ ಸ್ಕಾಟ್ಲೆಂಡ್ ಸರಕಾರದ ಪರವಾಗಿ ಅದರ ಆಗಿನ ಮುಖ್ಯಸ್ಥೆ ನಿಕೊಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲಿ ಆ ತಾಯಂದಿರ ಕ್ಷಮೆ ಕೇಳಿದ್ದರು. ಬಂದಿದ್ದ ಹೆಂಗಸಿಗೆ ಅದಕ್ಕೂ ಏನಾದರೂ ಸಂಬಂಧ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವ ಮಾತೂ ಅಲ್ಲ.

ಆದರೆ ಅವರು ಹೇಳಿದ್ದು ನಿಜವಾಗಿತ್ತು. ಗುಟ್ಟು ಹೇಳಿದ ಮೇಲೆ ಕುಂತಿಗೆ ಹದಿನಾಲ್ಕು ಸಾಲಿನ ಒಂದು ಭಾಷಣ ಇತ್ತು. ಪೆಟ್ಟಿಗೆ, ಹೊಳೆ, ರಾತ್ರಿ, ನಿದ್ದೆಯಿಲ್ಲದ ವರ್ಷಗಳು. ಊರಲ್ಲಿ ಅದಕ್ಕೆ ಚಪ್ಪಾಳೆ ಗ್ಯಾರಂಟಿ. ನಾನೇ ಬರೆದದ್ದು, ಬರೆದಾಗ ನನಗೇ ಕಣ್ಣು ತುಂಬಿತ್ತು. ಮರುದಿನ ಬೆಳಿಗ್ಗೆ ಅಕ್ಕನ ಜೊತೆ ಕೂತು ಒಂದೊಂದೇ ಸಾಲು ತೆಗೆಯುತ್ತಾ ಹೋದೆವು. ‘‘ಇದು ಬೇಡ. ಇದೂ ಬೇಡ’’ ಅಂತ ಅವರೇ ಗೆರೆ ಎಳೆದರು. ಎರಡು ಸಾಲು ಉಳಿಯಿತು. ‘‘ನೀನು ತುಂಬಾ ಹಗುರ ಇದ್ದೆ. ಪೆಟ್ಟಿಗೆ ಮುಳುಗಲಿಲ್ಲ.’’ ಸ್ಲೈಡ್ ಒತ್ತುವ ಹುಡುಗಿ ಹತ್ತು ಟೈಟಲ್‌ಗಳನ್ನು ಅಳಿಸಿದಳು. ಕೊನೆಯ ನಾಲ್ಕು ಪ್ರಯೋಗ ಹಾಗೆಯೇ ಆಡಿದೆವು.

ವಾಪಸ್ ಬಂದು ಎರಡು ತಿಂಗಳಿಗೆ ಊರಲ್ಲಿ ಮತ್ತೆ ನಾಟಕ ಹಾಕಿದೆವು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಹಿಂದಿರುಗಬಹುದಿತ್ತು. ಕೃಷ್ಣ ಮಾಡುವವರು ಫೋನ್ ಮಾಡಿ, ‘‘ನನ್ನ ಸೀನ್ ಇದೆ ತಾನೆ?’’ ಅಂತ ಕೇಳಿದರು. ಇಲ್ಲ ಅನ್ನುವುದಕ್ಕೆ ನನಗೆ ಒಂದು ವಾರ ಬೇಕಾಯಿತು, ಅವರು ಈಗಲೂ ಸರಿಯಾಗಿ ಮಾತಾಡುತ್ತಿಲ್ಲ. ಪ್ರಯೋಗ ಮುಗಿದ ಮೇಲೆ ನಮ್ಮ ಹಳೆಯ ಪ್ರೇಕ್ಷಕರೊಬ್ಬರು ಗ್ರೀನ್‌ರೂಮಿಗೇ ಬಂದರು. ‘‘ಏನ್ರೀ ಇದು, ಕುಂತಿ ಮಾತು ಎಲ್ಲಿ ಹೋಯ್ತು? ನಾನು ಬಂದಿದ್ದೇ ಅದಕ್ಕೆ. ಫಾರಿನ್‌ಗೆ ಹೋಗಿ ಬಂದು ಕೆಡಿಸಿಬಿಟ್ಟಿದ್ದೀರಿ’’ ಅಂತ ರೇಗಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅವರು ಮನೆಯಿಂದ ತಂದಿದ್ದ ಅರ್ಧಕ್ಕೆ ನಾನು ಜಾಗವೇ ಬಿಟ್ಟಿರಲಿಲ್ಲ. ಈಗ ಮುಂದಿನ ಪ್ರಯೋಗಕ್ಕೆ ಭಾಷಣದ ನಾಲ್ಕು ಸಾಲು ವಾಪಸ್ ತರೋಣವಾ ಬೇಡವಾ ಅಂತ ಜಗ್ಗಾಟ ನಡೆದಿದೆ.

ಒಂದು ಮಾತ್ರ ಬದಲಾಗಿಲ್ಲ. ‘‘ನಿನ್ನನ್ನು ಹೆತ್ತವಳು... ನಾನು’’ ಅಂದ ಮೇಲೆ ಅಕ್ಕ ಈಗಲೂ ಎರಡು ಕ್ಷಣ ನಿಲ್ಲುತ್ತಾರೆ, ಆ ಉಸಿರಿಗೆ ಜಾಗ ಬಿಟ್ಟು. ಇಲ್ಲಿ ಯಾರೂ ಉಸಿರು ಎಳೆದುಕೊಳ್ಳುವುದಿಲ್ಲ. ಫ್ಯಾನ್ ತಿರುಗುವ ಸದ್ದು ಕೇಳಿಸುತ್ತದೆ. ಆಮೇಲೆ ಕರ್ಣ ತಲೆ ಎತ್ತುತ್ತಾನೆ.